ಮನೆಯ ಕರೆಂಟ್ ಸಣ್ಣದಲ್ಲ

ಸಕಲೇಶಪುರ, ಕೊಡಗು, ಚಾಮರಾಜನಗರದ ಕಾಡಂಚಿನ ಹೊಲ-ತೋಟಗಳಲ್ಲಿ ಎರಡು ಬಗೆಯ ತಂತಿಬೇಲಿಗಳಿವೆ. ಒಂದು ಸೌರಬೇಲಿ. ಅದರ ತಂತಿಯ ವೋಲ್ಟೇಜ್ ಆರೇಳು ಸಾವಿರ, ಕೆಲವೊಮ್ಮೆ ಹತ್ತು ಸಾವಿರದವರೆಗೂ ಇರುತ್ತದೆ. ಸೊಂಡಿಲು ತಾಗಿಸಿದ ಆನೆ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಇನ್ನೊಂದು ಕಳ್ಳಬೇಲಿ. ಹಂದಿಯ ಕಾಟ ತಾಳಲಾರದೆ ಪಂಪ್‌ಸೆಟ್ಟಿನ ಬೋರ್ಡಿನಿಂದಲೋ ಮನೆಯ ಮೀಟರಿನಿಂದಲೋ ಒಂದೆಳೆ ವೈರನ್ನು ನೇರವಾಗಿ ಬೇಲಿಗೆ ಕೊಟ್ಟಿರುತ್ತಾರೆ. ಅದರಲ್ಲಿರುವುದು 230 ವೋಲ್ಟ್ ಮಾತ್ರ. ಅದನ್ನು ತಾಗಿದ ಆನೆ ನಿಂತಲ್ಲೇ ಕುಸಿಯುತ್ತದೆ. ಸ್ವಿಚ್ ಆರಿಸಲು ಮರೆತು ಬೆಳಗಿನ ಜಾವ ಹೊಲಕ್ಕಿಳಿದ ರೈತನೂ, ದಾರಿ ತಪ್ಪಿ ಅತ್ತ ಬಂದ ಪಕ್ಕದೂರಿನವನೂ ಅದೇ ತಂತಿಗೆ ಬಲಿಯಾಗುತ್ತಾರೆ. ಹತ್ತು ಸಾವಿರ ವೋಲ್ಟ್ ಬಿಟ್ಟುಕೊಟ್ಟ ಜೀವವನ್ನು 230 ವೋಲ್ಟ್ ಬಿಟ್ಟುಕೊಡುವುದಿಲ್ಲ. ವಿದ್ಯುತ್ತಿನ ಅಪಾಯವನ್ನು ವೋಲ್ಟಿನ ಅಂಕಿ ಒಂದರಿಂದಲೇ ಅಳೆಯುವ ನಮ್ಮ ರೂಢಿ ಎಷ್ಟು ತಪ್ಪು ಎಂಬುದಕ್ಕೆ ಈ ಎರಡು ಬೇಲಿಗಳಿಗಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಆ ರೂಢಿ ನಮ್ಮಲ್ಲಿ ಆಳವಾಗಿ ಬೇರೂರಿದೆ. ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ತಲೆಬುರುಡೆಯ ಚಿತ್ರವಿರುವ, ‘ಅಪಾಯ 11,000 ವೋಲ್ಟ್’ ಎಂದು ಬರೆದ ಕೆಂಪು ಹಲಗೆ ಇರುತ್ತದೆ. ಅದನ್ನು ನೋಡಿ ಮಕ್ಕಳೂ ದೂರ ಸರಿಯುತ್ತಾರೆ. ಬಚ್ಚಲುಮನೆಯ ಗೀಸರಿಗೆ, ಬಕೆಟ್ಟಿನಲ್ಲಿ ಇಳಿಬಿಟ್ಟ ನೀರು ಕಾಯಿಸುವ ಕಾಯಿಲ್‌ಗೆ, ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಗೆ ಅಂಥ ಹಲಗೆಯಿಲ್ಲ. ‘ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೆ’ ಎಂದು ಹೇಳಿಕೊಂಡು ವರ್ಷಗಟ್ಟಲೆ ಅದೇ ಫ್ರಿಜ್ಜಿನ ಬಾಗಿಲು ತೆಗೆಯುತ್ತೇವೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಉರಿಯಿತು. ನೂರಿಪ್ಪತ್ತು ವರ್ಷಗಳ ಈ ಒಡನಾಟ ನಮಗೆ ಸಲಿಗೆಯನ್ನು ಕೊಟ್ಟಿದೆ, ತಿಳಿವಳಿಕೆಯನ್ನು ಅಷ್ಟಾಗಿ ಕೊಟ್ಟಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಂತೆ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ವಿದ್ಯುತ್ ಆಘಾತದಿಂದ ಸಾಯುವವರು ವರ್ಷಕ್ಕೆ 12,000ಕ್ಕೂ ಹೆಚ್ಚು. ದಿನಕ್ಕೆ ಮೂವತ್ತಕ್ಕಿಂತ ಹೆಚ್ಚು ಮಂದಿ. ಈ ಲೇಖನದ ವಾದ ಇಷ್ಟೇ: ಹೆಚ್ಚು ವೋಲ್ಟೇಜಿನ ತಂತಿ ನಮ್ಮಿಂದ ದೂರವಿದೆ, ಅದಕ್ಕೆ ಅಂಜಿಕೆಯ ಕಾವಲೂ ಇದೆ. ಕೈಗೆಟಕುವ 230 ವೋಲ್ಟಿಗೆ ದೂರದ ಕಾವಲೂ ಇಲ್ಲ, ಅಂಜಿಕೆಯ ಕಾವಲೂ ಇಲ್ಲ. ಆದ್ದರಿಂದ ಅದಕ್ಕೆ ಯಂತ್ರದ ಕಾವಲು ಬೇಕೇ ಬೇಕು, ಪ್ರತಿ ಮನೆಯಲ್ಲೂ ಬೇಕು.

ಮೈಯೊಳಗೆ ಏನಾಗುತ್ತದೆ ಎಂಬುದರಿಂದ ಶುರುಮಾಡೋಣ. ಶರೀರಕ್ಕೆ ಪೆಟ್ಟು ಕೊಡುವುದು ಅದರ ಮೂಲಕ ಹಾದುಹೋಗುವ ವಿದ್ಯುತ್ ಪ್ರವಾಹ. ಅದನ್ನು ಅಳೆಯುವುದು ಆಂಪಿಯರಿನ ಸಾವಿರದ ಒಂದು ಭಾಗವಾದ ಮಿಲಿಆಂಪಿಯರಿನಲ್ಲಿ. ಅರ್ಧದಿಂದ ಒಂದು ಮಿಲಿಆಂಪಿಯರ್ ಹರಿದರೆ ಜುಮ್ ಎನ್ನುತ್ತದೆ. ಹತ್ತರ ಆಸುಪಾಸಿಗೆ ಬಂದರೆ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲಾಗುವುದಿಲ್ಲ. ಅಮೆರಿಕದ ಬರ್ಕ್‌ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್‌ಜೀಲ್ ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ ಈ ‘ಕೈಬಿಡುವ ಮಿತಿ’ಯನ್ನು ಗೊತ್ತುಮಾಡಿದರು. ಗಂಡಸರಲ್ಲಿ ಅದು ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಹತ್ತೂವರೆ. ಪ್ರವಾಹ ಮೂವತ್ತು-ನಲವತ್ತನ್ನು ದಾಟಿ ಒಂದೆರಡು ಸೆಕೆಂಡು ಎದೆಯ ಮೂಲಕ ಹರಿದರೆ ಹೃದಯ ತಾಳ ತಪ್ಪುವ ಅಪಾಯ ಶುರುವಾಗುತ್ತದೆ. ನೂರನ್ನು ದಾಟಿದರೆ ಆ ಅಪಾಯ ಬಹಳ ದೊಡ್ಡದು. ಗೋಡೆಯ ಮೇಲಿನ ಒಂದು ಹತ್ತು ವ್ಯಾಟಿನ ಎಲ್‌ಇಡಿ ಬಲ್ಬು ಎಳೆದುಕೊಳ್ಳುವ ಪ್ರವಾಹ ಸುಮಾರು 40 ಮಿಲಿಆಂಪಿಯರ್. ಒಂದು ಜೀವ ಹೋಗಲು ಬೇಕಾದದ್ದು ಒಂದೆರಡು ಪುಟ್ಟ ಬಲ್ಬುಗಳಷ್ಟು ವಿದ್ಯುತ್ ಮಾತ್ರ.

‘ಕೊಲ್ಲುವುದು ಆಂಪಿಯರ್, ವೋಲ್ಟೇಜ್ ಅಲ್ಲ’ ಎಂಬ ಮಾತನ್ನು ವೈರಿಂಗ್ ಕೆಲಸದವರಿಂದ ಹಿಡಿದು ವಿಜ್ಞಾನದ ಮೇಷ್ಟರವರೆಗೆ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಮೈಯ ಮೂಲಕ ಎಷ್ಟು ಪ್ರವಾಹ ನುಗ್ಗಬೇಕು ಎಂಬುದನ್ನು ವೋಲ್ಟೇಜೂ ಮೈಯ ತಡೆಯೂ ಸೇರಿ ತೀರ್ಮಾನಿಸುತ್ತವೆ. ಒಣಗಿದ, ಗಟ್ಟಿ ಚರ್ಮ ತುದಿಬೆರಳಲ್ಲಿ ಸೋಕಿದರೆ ಹತ್ತಾರು ಸಾವಿರ ಓಮ್‌ಗಳಷ್ಟು ತಡೆ ಒಡ್ಡೀತು. ಅದೇ ಕೈ ಒದ್ದೆಯಾಗಿದ್ದು, ಲೋಹವನ್ನು ಮುಷ್ಟಿಯಲ್ಲಿ ಹಿಡಿದಿದ್ದರೆ ತಡೆ ಸುಮಾರು ಸಾವಿರ ಓಮ್‌ಗೆ ಇಳಿಯುತ್ತದೆ. 230 ವೋಲ್ಟನ್ನು ಸಾವಿರ ಓಮ್‌ನಿಂದ ಭಾಗಿಸಿ: 230 ಮಿಲಿಆಂಪಿಯರ್. ಕಾರಿನ 12 ವೋಲ್ಟ್ ಬ್ಯಾಟರಿಯ ಎರಡೂ ತುದಿಗಳನ್ನು ಒಣಗೈಯಲ್ಲಿ ಮುಟ್ಟಿದರೆ ಏನೂ ಆಗದಿರುವುದು ಇದೇ ಲೆಕ್ಕದಿಂದ. ಆ ಬ್ಯಾಟರಿ ನೂರಾರು ಆಂಪಿಯರ್ ಕೊಡಬಲ್ಲದು, ಆದರೆ ಚರ್ಮವನ್ನು ದಾಟಿ ನೂಕುವ ಒತ್ತಡ ಅದಕ್ಕಿಲ್ಲ. ಹಾಗೆಂದು ಅದು ನಿರಪಾಯವಲ್ಲ. ಸ್ಪ್ಯಾನರ್ ಜಾರಿ ಎರಡು ತುದಿಗಳ ನಡುವೆ ಬಿದ್ದರೆ ಕೆಂಪಗೆ ಕಾಯುತ್ತದೆ, ಬೆರಳಿನ ಉಂಗುರ ಅಡ್ಡಬಂದರೆ ಮಾಂಸವೇ ಸುಡುತ್ತದೆ. ಇತ್ತ ಸೌರಬೇಲಿಗೆ ಒತ್ತಡ ಬೇಕಾದಷ್ಟಿದೆ. ಆದರೆ ಅದರ ಯಂತ್ರ ಸೆಕೆಂಡಿಗೆ ಒಂದು ಮಿಡಿತದಂತೆ, ಕಣ್ಣೆವೆ ಮಿಟುಕುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಅಳೆದಿಟ್ಟ ಪುಟ್ಟ ಪ್ರಮಾಣದ ಶಕ್ತಿಯನ್ನು ಮಾತ್ರ ಹೊರಬಿಡುತ್ತದೆ. ಎರಡು ಮಿಡಿತಗಳ ನಡುವಿನ ಬಿಡುವಿನಲ್ಲಿ ಪ್ರಾಣಿ ಕಳಚಿಕೊಳ್ಳುತ್ತದೆ. ಕಳ್ಳಬೇಲಿಯಲ್ಲಿ ಆ ಬಿಡುವಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಎಷ್ಟು ಒತ್ತಡ, ಎಷ್ಟು ತಡೆ, ಯಾವ ದಾರಿ, ಎಷ್ಟು ಹೊತ್ತು.

ಅಂತರರಾಷ್ಟ್ರೀಯ ಮಾನದಂಡಗಳು ಪರ್ಯಾಯ ವಿದ್ಯುತ್ತಿಗೆ 50 ವೋಲ್ಟ್, ನೇರ ವಿದ್ಯುತ್ತಿಗೆ 120 ವೋಲ್ಟ್ ಎಂಬ ಗೆರೆ ಎಳೆದಿರುವುದು ಈ ಪ್ರಶ್ನೆಗಳನ್ನು ಎದುರಿಟ್ಟುಕೊಂಡೇ. ಒದ್ದೆ ಜಾಗಕ್ಕೆ ಆ ಗೆರೆ 25 ವೋಲ್ಟಿಗೆ ಇಳಿಯುತ್ತದೆ. ಈಜುಕೊಳದ ನೀರಿನೊಳಗಿನ ದೀಪಕ್ಕೆ 12 ವೋಲ್ಟ್. ಅಂಕಿ ಇಳಿಯುತ್ತ ಹೋಗಲು ಕಾರಣ ನೀರು. ಬೆವರಿನಲ್ಲಿ ತೊಯ್ದು, ಕಬ್ಬಿಣದ ತೊಟ್ಟಿಯೊಳಗೆ ಮಂಡಿಯೂರಿ ಕೆಲಸ ಮಾಡುವ ವೆಲ್ಡರುಗಳು 80 ವೋಲ್ಟಿನೊಳಗಿನ ವೆಲ್ಡಿಂಗ್ ಯಂತ್ರದಿಂದಲೇ ಪ್ರಾಣ ಕಳೆದುಕೊಂಡದ್ದಿದೆ. ಬ್ರಿಟನ್ನಿನಲ್ಲಿ ಕಟ್ಟಡ ಕಟ್ಟುವ ಜಾಗಗಳಿಗೆ 110 ವೋಲ್ಟಿನ ವಿಶೇಷ ಟ್ರಾನ್ಸ್‌ಫಾರ್ಮರ್ ಇಟ್ಟು, ಭೂಮಿಗೆ ಹೋಲಿಸಿದರೆ ಯಾವ ತಂತಿಯೂ 55 ವೋಲ್ಟ್ ಮೀರದಂತೆ ನೋಡಿಕೊಳ್ಳುತ್ತಾರೆ. ನಮ್ಮ ಕಟ್ಟಡಗಳಲ್ಲಿ ಅದೇ ಕೆಲಸವನ್ನು, ಅದೇ ಒದ್ದೆ ಸಿಮೆಂಟಿನ ಮೇಲೆ, ಇನ್ಸುಲೇಶನ್ ಟೇಪು ಸುತ್ತಿದ 230 ವೋಲ್ಟಿನ ವೈರಿನಲ್ಲಿ ಮಾಡುತ್ತೇವೆ.

230 ವೋಲ್ಟ್ ಇಷ್ಟು ಪ್ರಾಣಾಂತಿಕವಾಗಲು ಎರಡು ಕಾರಣಗಳಿವೆ. ಮೊದಲನೆಯದು ಮುಷ್ಟಿ. ಬೆರಳುಗಳನ್ನು ಮಡಚುವ ಸ್ನಾಯುಗಳು ಬಿಡಿಸುವ ಸ್ನಾಯುಗಳಿಗಿಂತ ಬಲಶಾಲಿ. ಎರಡಕ್ಕೂ ಒಟ್ಟಿಗೆ ಪ್ರವಾಹ ತಾಗಿದಾಗ ಮಡಚುವವು ಗೆಲ್ಲುತ್ತವೆ, ಕೈ ತಂತಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ‘ಕರೆಂಟ್ ಎಳೆದುಕೊಂಡಿತು’ ಎಂದು ನಾವು ಹೇಳುವುದು ಇದನ್ನೇ. ಎಳೆಯುವ ಶಕ್ತಿ ತಂತಿಗಿಲ್ಲ, ಸೆಳೆತ ನಮ್ಮದೇ ಸ್ನಾಯುಗಳದ್ದು. ‘ಒದ್ದು ಬಿಸಾಡಿತು’ ಎಂಬುದೂ ಹಾಗೆಯೇ, ಕಾಲು-ಬೆನ್ನಿನ ಸ್ನಾಯುಗಳು ಒಮ್ಮೆಗೇ ಸೆಟೆದುಕೊಂಡು ಮೈಯನ್ನು ಎಸೆಯುತ್ತವೆ. ಎರಡನೆಯ ಕಾರಣ ಹೃದಯ. ಪ್ರತಿ ಬಡಿತದಲ್ಲೂ ಹೃದಯ ಮುಂದಿನ ಬಡಿತಕ್ಕೆ ಸಜ್ಜಾಗುವ ಒಂದು ಕಿರುಗಳಿಗೆ ಇದೆ. ಆಗ ಹೊರಗಿನ ಪ್ರವಾಹ ಬಿದ್ದರೆ ಹೃದಯದ ಎಳೆಗಳು ಒಂದೊಂದೂ ತನ್ನ ಪಾಡಿಗೆ ತಾನು ನಡುಗತೊಡಗುತ್ತವೆ, ರಕ್ತ ಪಂಪ್ ಆಗುವುದು ನಿಂತುಹೋಗುತ್ತದೆ. ಪ್ರವಾಹ ಒಂದು ಪೂರ್ತಿ ಬಡಿತಕ್ಕಿಂತ ಹೆಚ್ಚು ಹೊತ್ತು ಹರಿದರೆ ಆ ಗಳಿಗೆ ತಪ್ಪಿಸಿಕೊಳ್ಳಲಾರದು. ಸೆಕೆಂಡಿಗೆ 50 ಬಾರಿ ಆವರ್ತಿಸುವ ನಮ್ಮ ಪರ್ಯಾಯ ವಿದ್ಯುತ್ ಸ್ನಾಯು-ನರಗಳನ್ನು ಕೆರಳಿಸುವುದರಲ್ಲಿ ನೇರ ವಿದ್ಯುತ್ತಿಗಿಂತ ಹಲವು ಪಟ್ಟು ಪ್ರಬಲ. ಹೀಗಾಗಿ ಮನೆಯ ಕರೆಂಟು ಮೈಯನ್ನು ಸುಡುವಷ್ಟು ದೊಡ್ಡದಲ್ಲದಿದ್ದರೂ ಕೈಯನ್ನು ಕಟ್ಟಿಹಾಕಿ ಹೃದಯವನ್ನು ನಿಲ್ಲಿಸುವುದಕ್ಕೆ ಧಾರಾಳವಾಗಿ ಸಾಕು. ಸತ್ತವರ ಮೈಮೇಲೆ ಹಲವು ಬಾರಿ ಒಂದು ಸಣ್ಣ ಕಲೆ ಬಿಟ್ಟರೆ ಬೇರೆ ಗುರುತೇ ಇರುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಮತ್ತೆ ಮತ್ತೆ ನಡೆಯುವ ಒಂದು ದುರಂತವನ್ನು ಹತ್ತಿರದಿಂದ ನೋಡೋಣ. ಬೀದಿ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿಗೆ ಆಸರೆಯಾಗಿ ಒಂದು ಕಬ್ಬಿಣದ ತಂತಿ ಕಟ್ಟಿರುತ್ತಾರೆ. ಬಿಸಿಲಿಗೆ ವೈರಿನ ಮೇಲಿನ ಪ್ಲಾಸ್ಟಿಕ್ ಸಿಡಿಯುತ್ತದೆ, ಗಾಳಿಗೆ ತೂಗಾಡಿ ತಗಡಿನ ಅಂಚಿಗೆ ಉಜ್ಜಿ ಸವೆಯುತ್ತದೆ. ಒಳಗಿನ ಎಳೆ ತಗಡಿಗೋ ಆಸರೆಯ ತಂತಿಗೋ ತಾಗುತ್ತದೆ. ಬಟ್ಟೆ ಒಣಹಾಕಲು ಕಟ್ಟಿದ ತಂತಿಯ ಒಂದು ತುದಿ ಅದೇ ಮಾಡಿನ ಕೊಕ್ಕೆಯಲ್ಲಿರುತ್ತದೆ. ಈಗ ಆ ಬಟ್ಟೆಯ ತಂತಿಗೂ 230 ವೋಲ್ಟ್ ಬಂದಿರುತ್ತದೆ, ನೋಡಿದರೆ ಏನೂ ಕಾಣುವುದಿಲ್ಲ. ಒಗೆದ ಸೀರೆಯನ್ನು ಹಿಂಡಿ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ಹೆಂಗಸು ಎರಡೂ ಕೈ ಎತ್ತಿ ತಂತಿಗೆ ಬಟ್ಟೆ ಹರಡುತ್ತಾಳೆ. ನಾಲ್ಕು ಪ್ರಶ್ನೆಗಳಿಗೂ ಅತ್ಯಂತ ಕೆಟ್ಟ ಉತ್ತರ ಒಂದೇ ಕಡೆ ಸೇರುವುದು ಇಲ್ಲಿ: ಒದ್ದೆ ಕೈ, ಒದ್ದೆ ಕಾಲು, ಎದೆಯ ಮೂಲಕ ದಾರಿ, ಬಿಡಿಸಿಕೊಳ್ಳಲಾಗದ ಹಿಡಿತ. ಚೀರಾಟ ಕೇಳಿ ಓಡಿಬಂದ ಗಂಡ ಅವಳನ್ನು ತಬ್ಬಿ ಎಳೆಯುತ್ತಾನೆ, ಅವನ ಹಿಂದೆ ಮಗ. ಒಂದೇ ಮನೆಯ ಇಬ್ಬರು-ಮೂವರು ಒಟ್ಟಿಗೆ ಸತ್ತ ಸುದ್ದಿ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುವುದು ಹೀಗೆ. ಇಲ್ಲಿ ಯಾರೂ ಅಜಾಗರೂಕರಾಗಿರಲಿಲ್ಲ. ಬಟ್ಟೆ ಒಣಹಾಕುವುದು ಅಜಾಗರೂಕತೆಯಲ್ಲ. ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದರೆ ಆ ತಾಯಿ ಉಳಿಯುತ್ತಿದ್ದಳು. ಸೋರಿಕೆಯನ್ನು ಕಂಡೊಡನೆ ವಿದ್ಯುತ್ ಕಡಿಯುವ ಸಾಧನ ಆ ವೈರಿನ ಹಿಂದೆ, ಕಂಬದ ತುದಿಯಲ್ಲೇ, ಇದ್ದಿದ್ದರೆ ಕಬ್ಬಿಣದ ತಂತಿಯಿದ್ದೂ ಉಳಿಯುತ್ತಿದ್ದಳು.

‘ನಮ್ಮ ಮನೆಯಲ್ಲಿ ಫ್ಯೂಸ್ ಇದೆ, ಎಂಸಿಬಿ ಹಾಕಿಸಿದ್ದೇವೆ’ ಎಂಬ ಸಮಾಧಾನ ಇಲ್ಲಿ ಎದುರಾಗುತ್ತದೆ. ಫ್ಯೂಸೂ ಎಂಸಿಬಿಯೂ ವೈರನ್ನು ಕಾಯಲು ಇರುವ ಸಾಧನಗಳು, ಮನುಷ್ಯನನ್ನು ಕಾಯಲು ಅಲ್ಲ. ವೈರು ಕಾದು ಬೆಂಕಿ ಹತ್ತದಿರಲಿ ಎಂಬುದು ಅವುಗಳ ಕೆಲಸ. 16 ಆಂಪಿಯರಿನ ಎಂಸಿಬಿ ಎಂದರೆ 16,000 ಮಿಲಿಆಂಪಿಯರ್. ಪ್ರಾಣ ಹೋಗಲು ಬೇಕಾದದ್ದು ನೂರಕ್ಕೂ ಕಡಿಮೆ. ಮನುಷ್ಯನೊಬ್ಬ ಸಾಯುತ್ತಿರುವುದು ಎಂಸಿಬಿಗೆ ಒಂದು ಮಂಕು ದೀಪ ಉರಿದಷ್ಟೂ ಕಾಣುವುದಿಲ್ಲ. ಇನ್ನು ಸುಟ್ಟ ಫ್ಯೂಸಿನ ಜಾಗಕ್ಕೆ ದಪ್ಪ ತಾಮ್ರದ ಎಳೆ ಸುತ್ತುವ ಮನೆಗಳಲ್ಲಿ ವೈರಿಗೂ ಕಾವಲಿಲ್ಲ.

‘ಅರ್ಥಿಂಗ್ ಇದೆಯಲ್ಲ’ ಎಂಬ ಎರಡನೆಯ ಸಮಾಧಾನಕ್ಕೆ ಹೆಚ್ಚು ಗೌರವ ಸಲ್ಲಬೇಕು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ದಪ್ಪಗೆ, ಉದ್ದಕ್ಕೆ ಇರುತ್ತದೆ. ಪ್ಲಗ್ಗು ಚುಚ್ಚುವಾಗ ಮೊದಲು ಕೂಡುವುದು, ಕೀಳುವಾಗ ಕೊನೆಗೆ ಬಿಡುವುದು ಅದೇ ಆಗಲಿ ಎಂದು ಉದ್ದ, ತಪ್ಪಿಯೂ ಕರೆಂಟಿನ ತೂತಿಗೆ ಇಳಿಯದಿರಲಿ ಎಂದು ದಪ್ಪ. ಯಂತ್ರದ ಲೋಹದ ಮೈಗೆ ಕರೆಂಟ್ ತಾಗಿದರೆ ಅದು ನಮ್ಮ ಮೈಯನ್ನು ಹುಡುಕದೆ ಆ ಪಿನ್ನಿನ ದಾರಿಯಲ್ಲಿ ನೆಲಕ್ಕೆ ಇಳಿಯಬೇಕು. ಆದರೆ ಲೆಕ್ಕ ಹಾಕಿ ನೋಡಿ. ಬೇಸಿಗೆಯಲ್ಲಿ ಒಣಗಿದ ಮಣ್ಣಿನಲ್ಲಿ ಮನೆಯ ಅರ್ಥ್ ಗುಂಡಿಯ ತಡೆ 20 ಓಮ್, ಟ್ರಾನ್ಸ್‌ಫಾರ್ಮರಿನ ಅರ್ಥ್ ತಡೆ 5 ಓಮ್ ಎಂದಿಟ್ಟುಕೊಳ್ಳಿ. ಗೀಸರಿನ ಮೈಗೆ 230 ವೋಲ್ಟ್ ತಾಗಿದರೆ ನೆಲಕ್ಕೆ ಹರಿಯುವುದು 9 ಆಂಪಿಯರಿನಷ್ಟು. ಎಂಸಿಬಿಗೆ ಅದು ಮತ್ತೊಂದು ಗೀಸರ್ ಹಾಕಿದಂತೆ ಕಾಣುತ್ತದೆ, ಅಲ್ಲಾಡುವುದಿಲ್ಲ. ಅಷ್ಟು ಹೊತ್ತೂ ಗೀಸರಿನ ಮೈಯ ಮೇಲೆ, ಅದಕ್ಕೆ ಕೂಡಿದ ನಲ್ಲಿಯ ಮೇಲೆ 184 ವೋಲ್ಟ್ ನಿಂತೇ ಇರುತ್ತದೆ. ಅರ್ಥಿಂಗ್ ಬೇಡವೆಂದು ಇದರ ಅರ್ಥವಲ್ಲ. ಗುಂಡಿಗೆ ನೀರು ಹಾಕಿ, ಅಳತೆ ಮಾಡಿಸಿ ಒಳ್ಳೆಯ ಸ್ಥಿತಿಯಲ್ಲಿ ಇಡಬೇಕು. ಆದರೆ ಅದು ಒಂಟಿಯಾಗಿ ಸಾಲದು.

ಸಾಲುವುದು ಅರ್ಥಿಂಗ್ ಜೊತೆಗೆ ಆರ್‌ಸಿಸಿಬಿ ಎಂಬ ಪುಟ್ಟ ಡಬ್ಬಿ ಸೇರಿದಾಗ. ಅದರ ತತ್ತ್ವ ತೀರಾ ಸರಳ. ಫೇಸಿನಲ್ಲಿ ಒಳಗೆ ಹೋದಷ್ಟೇ ಪ್ರವಾಹ ನ್ಯೂಟ್ರಲ್‌ನಲ್ಲಿ ಹೊರಗೆ ಬರಬೇಕು. ಎರಡೂ ತಂತಿಗಳನ್ನು ಒಂದು ಕಬ್ಬಿಣದ ಬಳೆಯೊಳಗೆ ಹಾಯಿಸಿದರೆ, ಹೋದದ್ದೂ ಬಂದದ್ದೂ ಸಮನಾಗಿರುವವರೆಗೆ ಬಳೆಯಲ್ಲಿ ಕಾಂತಶಕ್ತಿ ಹುಟ್ಟುವುದಿಲ್ಲ. ಒಂದಷ್ಟು ಪ್ರವಾಹ ಗೀಸರಿನ ಮೈಯಿಂದಲೋ ಮನುಷ್ಯನ ಮೈಯಿಂದಲೋ ನೆಲಕ್ಕೆ ಸೋರಿದರೆ ಲೆಕ್ಕ ತಪ್ಪುತ್ತದೆ, ಬಳೆಯಲ್ಲಿ ಎಚ್ಚರ ಹುಟ್ಟುತ್ತದೆ, ಸ್ವಿಚ್ಚು ಕೆಳಗೆ ಬೀಳುತ್ತದೆ. ಸೋರಿಕೆ 30 ಮಿಲಿಆಂಪಿಯರ್ ಮುಟ್ಟಿದರೆ ಮಾನದಂಡದಂತೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದೊಳಗೆ, ಅದರ ಐದು ಪಟ್ಟಾದರೆ ಸೆಕೆಂಡಿನ 25ನೇ ಒಂದು ಭಾಗದೊಳಗೆ ವಿದ್ಯುತ್ ಕಡಿಯಲೇಬೇಕು. ಶಾಕ್ ಹೊಡೆದದ್ದು ಗೊತ್ತಾಗುತ್ತದೆ, ಆದರೆ ಹೃದಯದ ಆ ಕೆಟ್ಟ ಗಳಿಗೆಯನ್ನು ಹಿಡಿಯುವಷ್ಟು ಹೊತ್ತು ಪ್ರವಾಹ ಉಳಿಯುವುದಿಲ್ಲ. ಅರ್ಥಿಂಗ್ ಚೆನ್ನಾಗಿದ್ದರೆ ಯಂತ್ರದ ಮೈಗೆ ಕರೆಂಟ್ ತಾಗಿದ ಕ್ಷಣವೇ, ಯಾರೂ ಮುಟ್ಟುವ ಮೊದಲೇ, ಕಡಿದುಹೋಗುತ್ತದೆ. ಈ ಸಾಧನವನ್ನು 1960ರ ದಶಕದಲ್ಲಿ ಅಮೆರಿಕದಲ್ಲಿ ಮನೆಗಳಿಗೆ ಹೊಂದುವಂತೆ ರೂಪಿಸಿದವರು ಅದೇ ಡಾಲ್‌ಜೀಲ್. ಮನುಷ್ಯನ ಕೈ ಎಷ್ಟಕ್ಕೆ ಬಿಡುತ್ತದೆ, ಹೃದಯ ಎಷ್ಟಕ್ಕೆ ತಡೆಯುತ್ತದೆ ಎಂದು ವರ್ಷಗಟ್ಟಲೆ ಅಳೆದವರಿಗೇ ಅದರ ಅಗತ್ಯ ಚೆನ್ನಾಗಿ ಮನವರಿಕೆಯಾಗಿತ್ತು.

‘ಹಾಗಾದರೆ 11,000 ವೋಲ್ಟಿಗಿಂತ 230 ಹೆಚ್ಚು ಅಪಾಯವೇ?’ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮುಟ್ಟಿದ ಮೇಲಿನ ಮಾತಾದರೆ 11 ಕೆ.ವಿ. ಖಂಡಿತ ಹೆಚ್ಚು ಘೋರ. ಅಲ್ಲಿ ಚರ್ಮದ ತಡೆ ಲೆಕ್ಕಕ್ಕೇ ಬರುವುದಿಲ್ಲ. ಹಲವು ಆಂಪಿಯರ್ ನುಗ್ಗಿ ಸ್ನಾಯು-ಮೂಳೆಗಳನ್ನು ಒಳಗಿನಿಂದ ಬೇಯಿಸುತ್ತದೆ. ಬದುಕಿದವರೂ ಕೈಕಾಲು ಕಳೆದುಕೊಳ್ಳುತ್ತಾರೆ, ಸುಟ್ಟ ಸ್ನಾಯುವಿನ ಕಸ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡುತ್ತದೆ. ಅಲ್ಲಿ ಮುಟ್ಟಲೇಬೇಕೆಂದೂ ಇಲ್ಲ. ರೈಲುಮಾರ್ಗದ ಮೇಲಿನ 25,000 ವೋಲ್ಟಿನ ತಂತಿಯ ಕೆಳಗೆ ಸೆಲ್ಫಿಗಾಗಿ ವ್ಯಾಗನ್ ಹತ್ತಿದವರಿಗೆ ಕಿಡಿ ಗಾಳಿಯಲ್ಲೇ ಹಾರಿ ಬಂದು ಹೊಡೆದಿದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಈಗ ಕೊಯ್ಲಿಗೂ ಕೊಳೆರೋಗದ ಮೈಲುತುತ್ತು ಸಿಂಪಡಣೆಗೂ 60-70 ಅಡಿಯ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತುವ ಅಪಾಯವನ್ನು ತಪ್ಪಿಸಿದ ಒಳ್ಳೆಯ ಸಾಧನ ಅದು. ಆದರೆ ಹಗುರವಾಗಿದೆ, ಅಲ್ಯೂಮಿನಿಯಂ ಅಲ್ಲ ಎಂಬ ಕಾರಣಕ್ಕೆ ಅದರಲ್ಲಿ ಕರೆಂಟ್ ಹರಿಯದು ಎಂದು ಯಾರೂ ತಿಳಿಯಬಾರದು. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ತೋಟದ ಮೇಲೆ ಹಾದ ತಂತಿಗೆ ಆ ದೋಟಿ ತಾಗಿದರೆ ಹಿಡಿದವನಿಗೆ ಉಳಿವಿಲ್ಲ. ಇಂಥ ಕಡೆ ಯಾವ ಮನೆಯ ಸಾಧನವೂ ಕಾಯದು, ಕಾಯುವುದು ಅಂತರ ಒಂದೇ. ಅದಕ್ಕಾಗಿಯೇ ಆ ತಂತಿಗಳನ್ನು ಎತ್ತರದಲ್ಲಿ ಕಟ್ಟುತ್ತಾರೆ, ಹಲಗೆ ಹಾಕುತ್ತಾರೆ. ದೊಡ್ಡ ವೋಲ್ಟೇಜಿಗೆ ಅಂತರವೇ ರಕ್ಷಣೆ, ಮನೆಯ ವೋಲ್ಟೇಜಿನಿಂದ ಅಂತರ ಕಾಯುವುದು ಸಾಧ್ಯವೇ ಇಲ್ಲ. ನನ್ನ ವಾದದ ತಿರುಳು ಈ ವ್ಯತ್ಯಾಸದಲ್ಲೇ ಇದೆ.

ಆ ಅಂತರ ಮುರಿದುಬಿದ್ದಾಗ ಏನಾಗುತ್ತದೆ ಎಂಬುದನ್ನು 2023ರ ನವೆಂಬರಿನಲ್ಲಿ ಬೆಂಗಳೂರು ಕಂಡಿತು. ಕಾಡುಗೋಡಿ ಬಳಿಯ ಫುಟ್‌ಪಾತಿನಲ್ಲಿ ತುಂಡಾಗಿ ಬಿದ್ದಿದ್ದ, ವಿದ್ಯುತ್ ಹರಿಯುತ್ತಿದ್ದ ತಂತಿಯನ್ನು ಬೆಳಗಿನ ಕತ್ತಲಲ್ಲಿ ತುಳಿದ ತಾಯಿ, ಅವಳ ಕಂಕುಳಲ್ಲಿದ್ದ ಒಂಬತ್ತು ತಿಂಗಳ ಕೂಸು ಇಬ್ಬರೂ ತೀರಿಕೊಂಡರು. ತಂತಿ ಕಡಿದು ಬಿದ್ದರೆ ಕರೆಂಟ್ ತಾನೇ ಹೋಗುತ್ತದೆ ಎಂಬ ನಂಬಿಕೆ ಸುಳ್ಳು. ಒಣ ನೆಲದ ಮೇಲೋ ಡಾಂಬರಿನ ಮೇಲೋ ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವ ಪ್ರವಾಹ ಎಷ್ಟೋ ಬಾರಿ ಬಹಳ ಕಡಿಮೆ, ಸಬ್‌ಸ್ಟೇಷನ್ನಿನ ಬ್ರೇಕರಿಗೆ ಅದು ಗೊತ್ತೇ ಆಗದು. ತಂತಿ ಬಿದ್ದ ಜಾಗದ ಸುತ್ತಲ ನೆಲದಲ್ಲಿ ವೋಲ್ಟೇಜ್ ಹೆಜ್ಜೆಹೆಜ್ಜೆಗೂ ಇಳಿಯುತ್ತ ಹೋಗುತ್ತದೆ. ಎರಡು ಕಾಲುಗಳನ್ನು ದೂರದೂರ ಇಟ್ಟರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಮೈಯ ಮೂಲಕವೇ ಪ್ರವಾಹ ದಾಟುತ್ತದೆ. ಮುಂಗಾಲು-ಹಿಂಗಾಲಿನ ನಡುವೆ ಹೆಚ್ಚು ಅಂತರವಿರುವ ದನಕರುಗಳು, ಆ ದಾರಿಯ ಮಧ್ಯದಲ್ಲೇ ಹೃದಯವಿರುವುದರಿಂದ, ಇಂಥ ಕಡೆ ಮನುಷ್ಯರಿಗಿಂತ ಬೇಗ ಸಾಯುತ್ತವೆ. ಬಿದ್ದ ತಂತಿಯಿಂದ ಕನಿಷ್ಠ ಹತ್ತು ಮೀಟರ್ ದೂರ ನಿಲ್ಲಬೇಕು. ಈಗಾಗಲೇ ಹತ್ತಿರ ಇದ್ದುಬಿಟ್ಟರೆ ಎರಡೂ ಪಾದಗಳನ್ನು ಜೋಡಿಸಿ, ನೆಲದಿಂದ ಎತ್ತದೆ ಜರುಗಿಸುತ್ತ ಹೊರಬರಬೇಕು. ಕೂಡಲೇ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕು.

ಹೊಸ ಕಾಲ ಹೊಸ ವೋಲ್ಟೇಜುಗಳನ್ನು ನಮ್ಮ ಮಾಡಿನ ಮೇಲಕ್ಕೂ ಮನೆಯಂಗಳಕ್ಕೂ ತಂದಿದೆ. ಸುಮಾರು 40 ವೋಲ್ಟಿನ ಹತ್ತು ಸೌರಫಲಕಗಳನ್ನು ಸರಣಿಯಲ್ಲಿ ಜೋಡಿಸಿದರೆ 400 ವೋಲ್ಟ್ ನೇರ ವಿದ್ಯುತ್. ಮನೆಯ ಮೇನ್ ಸ್ವಿಚ್ ಆರಿಸಿದರೂ ಬಿಸಿಲು ಇರುವವರೆಗೆ ಫಲಕದ ಕಡೆಯ ವೈರಿನಲ್ಲಿ ಅದು ಇದ್ದೇ ಇರುತ್ತದೆ. ಪರ್ಯಾಯ ವಿದ್ಯುತ್ ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಇಳಿಯುವುದರಿಂದ ಕಿಡಿ ಆರಲು ಅವಕಾಶವಿದೆ. ನೇರ ವಿದ್ಯುತ್ತಿನ ಕಿಡಿಗೆ ಆ ಬಿಡುವಿಲ್ಲ, ಉರಿಯುತ್ತಲೇ ಹೋಗುತ್ತದೆ. ಇ-ಕಾರುಗಳ ಬ್ಯಾಟರಿ 300-400 ವೋಲ್ಟ್, ಅದರ ಕೇಬಲ್ಲಿಗೆ ಕಿತ್ತಳೆ ಬಣ್ಣ ಕೊಟ್ಟಿರುವುದು ಗ್ಯಾರೇಜಿನವರು ಎಚ್ಚರದಿಂದಿರಲಿ ಎಂದು. ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಚ್ಚಿದರೆ ನಮ್ಮ ಮನೆಯ ಕರೆಂಟು ಹಿಮ್ಮುಖವಾಗಿ ಲೈನಿಗೆ ಏರಿ, ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟ್ ಆಗಿ, ಲೈನ್ ಕ್ಲಿಯರ್ ಪಡೆದು ಕಂಬ ಹತ್ತಿದ ಪವರ್‌ಮನ್‌ನ ಜೀವ ತೆಗೆಯಬಲ್ಲದು.

ಇನ್ನು ಉಳಿದ ಆಕ್ಷೇಪಗಳು. ‘ಎಚ್ಚರಿಕೆಯಿಂದ ಇದ್ದರೆ ಸಾಕು’ ಎನ್ನುತ್ತಾರೆ. ಎಚ್ಚರಿಕೆ ಬೇಕು. ಆದರೆ ಎಚ್ಚರಿಕೆ ಕಣ್ಣಿಗೆ ಕಾಣುವ ಅಪಾಯದ ಎದುರು ಕೆಲಸ ಮಾಡುತ್ತದೆ. ಬಟ್ಟೆಯ ತಂತಿಗೆ ಬಂದ ಕರೆಂಟ್ ಕಾಣುವುದಿಲ್ಲ. ಪಾಳಿಯಲ್ಲಿ ರಾತ್ರಿ ಹೊತ್ತು ಮೂರು ಫೇಸ್ ಕೊಟ್ಟಾಗ ಟಾರ್ಚ್ ಹಿಡಿದು, ಕೆಸರಿನಲ್ಲಿ ನಿಂತು ಸ್ಟಾರ್ಟರ್ ಒತ್ತುವ ರೈತನಿಗೆ ಎಚ್ಚರಿಕೆಯ ಉಪದೇಶ ಮಾಡುವುದು ಸುಲಭ, ಅವನ ಸ್ಥಿತಿಯಲ್ಲಿ ಪಾಲಿಸುವುದು ಕಷ್ಟ. ‘ಚಪ್ಪಲಿ ಹಾಕಿಕೊಂಡಿದ್ದೇನೆ’ ಎಂಬ ಧೈರ್ಯವೂ ಹಾಗೆಯೇ, ಇನ್ನೊಂದು ಕೈ ನಲ್ಲಿಯನ್ನೋ ಒದ್ದೆ ಗೋಡೆಯನ್ನೋ ಮುಟ್ಟಿದರೆ ಚಪ್ಪಲಿ ಲೆಕ್ಕಕ್ಕಿಲ್ಲ. ‘ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತದೆ’ ಎಂಬ ದೂರಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಬಹುತೇಕ ಬಾರಿ ಅದು ಬೀಳುವುದು ಎಲ್ಲೋ ಸೋರಿಕೆ ಇರುವುದರಿಂದಲೇ: ಮಳೆ ನೆನೆದ ಹೊರಗಿನ ಬಲ್ಬು, ಹಳೆಯ ಗೀಸರಿನ ಕಾಯಿಲ್, ಇಲಿ ಕಚ್ಚಿದ ವೈರು. ಅಂಥ ಹೊತ್ತಿನಲ್ಲಿ ಅದನ್ನು ತಪ್ಪಿಸಿ ನೇರ ವೈರ್ ಕೊಡುವುದೆಂದರೆ ಬೊಗಳುವ ನಾಯಿಯನ್ನು ಕಟ್ಟಿಹಾಕಿ ಕಳ್ಳನಿಗೆ ಬಾಗಿಲು ತೆರೆದಂತೆ. ಈ ಸಾಧನಕ್ಕೂ ಮಿತಿಗಳಿವೆ. ಒಂದು ಕೈ ಫೇಸನ್ನೂ ಇನ್ನೊಂದು ಕೈ ನ್ಯೂಟ್ರಲನ್ನೂ ಹಿಡಿದರೆ ಹೋದದ್ದೂ ಬಂದದ್ದೂ ಸಮ, ಅದು ಕಡಿಯುವುದಿಲ್ಲ. ಅಂಗಡಿಯಲ್ಲಿ 100, 300 ಮಿಲಿಆಂಪಿಯರಿನವೂ ಸಿಗುತ್ತವೆ. ಮನುಷ್ಯನನ್ನು ಕಾಯುವುದು 30ರದ್ದು, ಕೇಳಿ ಪಡೆಯಬೇಕಾದದ್ದು ಅದನ್ನೇ. ಇನ್ವರ್ಟರ್ ಇರುವ ಮನೆಗಳಲ್ಲಿ ಅದರ ನಂತರದ ವೈರಿಗೂ ರಕ್ಷಣೆ ಸಿಗುವಂತೆ ನುರಿತವರಿಂದ ಹಾಕಿಸಬೇಕು. ಮಿತಿಗಳಿವೆ ಎಂದು ಯಾರೂ ಹೆಲ್ಮೆಟ್ ಬಿಡುವುದಿಲ್ಲ, ಇದನ್ನೂ ಬಿಡಬಾರದು.

ಕೊನೆಯದು ಖರ್ಚಿನ ಮಾತು. ಎರಡು ಸಾವಿರ ರೂಪಾಯಿಯ ಆಸುಪಾಸಿನ ಈ ಡಬ್ಬಿ ಮನೆ ಕಟ್ಟಿಸುವವರಿಗೆ ದೊಡ್ಡ ಮೊತ್ತವಲ್ಲ, ಒಂದು ಬಲ್ಬಿನ ಮನೆಯವರಿಗೆ ದೊಡ್ಡದೇ. ದುಃಖದ ಸಂಗತಿ ಎಂದರೆ ನಮ್ಮ ನಿಯಮವೂ ಇದೇ ಕಡೆ ಕಣ್ಣು ಮುಚ್ಚಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಸೋರಿಕೆ ತಡೆಯುವ ಸಾಧನವನ್ನು ಕಡ್ಡಾಯ ಮಾಡಿದಾಗ 5 ಕಿಲೋವ್ಯಾಟಿಗಿಂತ ಕಡಿಮೆ ಹೊರೆಯ ಮನೆಗಳಿಗೆ ವಿನಾಯಿತಿ ಕೊಟ್ಟಿದ್ದವು. ಮುಂದೆ ಆ ಮಿತಿಯನ್ನು ಇಳಿಸಿದರೂ, ತೀರಾ ಸಣ್ಣ ಮನೆ ಹೊರಗೇ ಉಳಿಯಬಹುದು ಎಂಬ ಯೋಚನೆ ಆಗಲೇ ನೆಲೆಯೂರಿತ್ತು. ಮಣ್ಣಿನ ನೆಲ, ತಗಡಿನ ಮಾಡು, ಹಳೆಯ ಸರ್ವಿಸ್ ವೈರು, ಅರ್ಥಿಂಗ್ ಇಲ್ಲದ ಬೋರ್ಡು ಎಲ್ಲವೂ ಸೇರುವುದು ಆ ಸಣ್ಣ ಮನೆಯಲ್ಲೇ. ಭಾಗ್ಯಜ್ಯೋತಿಯ ಹೆಸರಿನಲ್ಲಿ ಬಡವರ ಮನೆಗೆ ದೀಪ ಕೊಟ್ಟ ರಾಜ್ಯ ನಮ್ಮದು. 2023ರಿಂದ ಗೃಹಜ್ಯೋತಿಯಡಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುತ್ತಿರುವ ರಾಜ್ಯವೂ ನಮ್ಮದೇ. ಪ್ರತಿ ತಿಂಗಳು ಯೂನಿಟ್ ಕೊಡಬಲ್ಲ ಸರ್ಕಾರ ಪ್ರತಿ ಬಡಮನೆಗೆ ಒಮ್ಮೆ ಒಂದು ಆರ್‌ಸಿಸಿಬಿ ಕೊಟ್ಟು, ಒಂದು ಅರ್ಥ್ ಗುಂಡಿ ತೋಡಿಸಿಕೊಡಬಲ್ಲದು. ಎಲ್‌ಇಡಿ ಬಲ್ಬುಗಳನ್ನು ಲಕ್ಷಗಟ್ಟಲೆ ಒಟ್ಟಿಗೆ ಖರೀದಿಸಿ ಬೆಲೆ ಇಳಿಸಿದ ದಾರಿ ಇಲ್ಲಿಯೂ ತೆರೆದಿದೆ.

ಇಷ್ಟೆಲ್ಲ ಇದ್ದೂ ಅವಘಡ ನಡೆದರೆ ಮೊದಲ ನಿಮಿಷಗಳೇ ಜೀವ ನಿರ್ಧರಿಸುತ್ತವೆ. ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದಾಗದಿದ್ದರೆ, ಮನೆಯ ಕರೆಂಟಾಗಿದ್ದಲ್ಲಿ ಮಾತ್ರ, ಒಣಗಿದ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ತಂತಿಯನ್ನು ಬಿಡಿಸಬೇಕು, ಬರಿಗೈಯಿಂದ ಎಂದೂ ಮುಟ್ಟಬಾರದು. ದೊಡ್ಡ ಲೈನಾಗಿದ್ದರೆ ಕೋಲೂ ಕಾಯದು, ಕರೆಂಟ್ ಕಡಿಯುವವರೆಗೆ ಹತ್ತಿರ ಹೋಗಬಾರದು. ಉಸಿರು ನಿಂತಿದ್ದರೆ ಆಂಬುಲೆನ್ಸಿಗಾಗಿ 108ಕ್ಕೆ ಕರೆ ಮಾಡಿಸಿ, ಎದೆಯ ಮಧ್ಯೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರಷ್ಟು ವೇಗದಲ್ಲಿ ಜೋರಾಗಿ ಒತ್ತುತ್ತಿರಬೇಕು. ಎದೆ ಒತ್ತುವುದು ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಗ್ಗುತ್ತದೆ. ಚೇತರಿಸಿಕೊಂಡು ಎದ್ದು ಕೂತವರನ್ನೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಬೇಕು, ಹೃದಯದ ತಾಳ ಆಮೇಲೂ ತಪ್ಪಬಹುದು.

ಓದುಗರಲ್ಲಿ ಒಂದು ವಿನಂತಿ. ಇವತ್ತೇ ನಿಮ್ಮ ಮನೆಯ ಮೇನ್ ಬೋರ್ಡಿನ ಮುಂದೆ ನಿಂತು ‘ಟಿ’ ಅಥವಾ ‘ಟೆಸ್ಟ್’ ಎಂದು ಬರೆದ ಒಂದು ಸಣ್ಣ ಗುಂಡಿ ಇದೆಯೇ ನೋಡಿ. ಇದ್ದರೆ ಒತ್ತಿ, ಮನೆಯ ಕರೆಂಟ್ ತಟ್ಟನೆ ಹೋಗಬೇಕು. ಹೋದರೆ ಸ್ವಿಚ್ಚನ್ನು ಮತ್ತೆ ಮೇಲೆತ್ತಿ, ತಿಂಗಳಿಗೊಮ್ಮೆ ಹೀಗೆ ಮಾಡಿ. ಒತ್ತಿದರೂ ಕರೆಂಟ್ ಹೋಗದಿದ್ದರೆ ಆ ಡಬ್ಬಿ ಕೆಟ್ಟಿದೆ, ಬದಲಿಸಿ. ಅಂಥ ಗುಂಡಿಯೇ ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ವೈರಿಗೆ ಮಾತ್ರ ಕಾವಲಿದೆ, ನಿಮಗಿಲ್ಲ.